"ಡೇಟಾ ಬರ್ತಿಲ್ಲ" ಅಂದ್ರೆ ಎಲ್ಲಿ ಹುಡುಕ್ಬೇಕು? ಜಾವಾಸ್ಕ್ರಿಪ್ಟ್ ಫೆಚ್ ಕೈಕೊಟ್ಟಾಗ ನಾನು ನೋಡೋ ಜಾಗಗಳು

ಮಳೆಗಾಲ ಶುರುವಾಗೋ ಮುಂಚೆ ನಮ್ಮ ಚಿಕ್ಕಪ್ಪಂಗೆ ಒಂದು ಸಣ್ಣ ವೆಬ್ ಪೇಜ್ ಮಾಡ್ಕೊಟ್ಟೆ. ಆಲ್ದೂರು ಕಡೆ ಅವ್ರ ತೋಟ. ಸುತ್ತಮುತ್ತ ಹತ್ತು ತೋಟದವ್ರು ಬೆಳಗ್ಗೆ ಎದ್ದು ರೇನ್ ಗೇಜ್ ನೋಡಿ "ನಿಮ್ಮಲ್ಲಿ ಎಷ್ಟು ಬಿತ್ತು" ಅಂತ ಫೋನ್ ಮಾಡ್ಕೊಳ್ಳೋದು ಮೊದ್ಲಿಂದ ಇರೋ ಅಭ್ಯಾಸ, ನಮ್ ಕಡೆ ತೋಟದವ್ರು ಮಿಲಿಮೀಟರ್ ಲೆಕ್ಕ ಹೇಳಲ್ಲ, ಇಂಚು ಮತ್ತೆ ಸೆಂಟ್ಸು, ನೂರು ಸೆಂಟ್ಸ್ ಆದ್ರೆ ಒಂದಿಂಚು. ಆ ಫೋನೆಲ್ಲ ತಪ್ಪಿಸೋಣ ಅಂತ ಪೇಜು. ಎಲ್ರೂ ಅವರವರ ಮಳೆ ಟೈಪ್ ಮಾಡಿದ್ರೆ ಹತ್ತೂ ತೋಟದ ಲೆಕ್ಕ ಒಂದೇ ಕಡೆ ಕಾಣತ್ತೆ. ಸರ್ವರ್ ಬರೆದಿದ್ದು ಹಾಸನದಲ್ಲಿರೋ ನನ್ನ ಗೆಳೆಯ, ಪೇಜು ನಂದು, ನಾನಿರೋದು ಚಿಕ್ಕಮಗಳೂರು ಟೌನಲ್ಲಿ. ಪೇಜು ಸರ್ವರನ್ನ ಡೇಟಾ ಕೇಳೋದು ಜಾವಾಸ್ಕ್ರಿಪ್ಟಿನ ಫೆಚ್ ಅನ್ನೋ ಫಂಕ್ಷನ್ನಿಂದ, ಆ ಕೇಳಿಕೆಗೆ ರಿಕ್ವೆಸ್ಟ್ ಅಂತಾರೆ.

ಆಮೇಲೆ ಶುರುವಾಯ್ತು ನೋಡಿ. "ನಿನ್ನ ಪೇಜು ಸುತ್ತುತ್ತಾ ಕೂತಿದೆ ಕಣೋ, ಡೇಟಾ ಬರ್ತಿಲ್ಲ." ಆ ಮಳೆಗಾಲದಲ್ಲಿ ಇದೇ ಮಾತು ಎಂಟ್ಹತ್ತು ಸಲ ಕೇಳಿದೀನಿ, ಒಂದೊಂದು ಸಲಕ್ಕೂ ಕಾರಣ ಬೇರೆ. ಮೊದಲೆರಡು ಸಲ ನಾನೂ ಎಲ್ರ ಹಾಗೆ ಕೋಡ್ ಓಪನ್ ಮಾಡಿ ಫೆಚ್ ಬರೆದಿರೋ ಲೈನನ್ನ ದಿಟ್ಟಿಸ್ಕೊಂಡು ಕೂತಿದ್ದೆ, ಅಲ್ಲೊಂದು ಇಲ್ಲೊಂದು ಅವೈಟ್ (ಉತ್ತರ ಬರೋವರೆಗೆ ಕಾಯಿ ಅನ್ನೋ ಪದ) ಸೇರಿಸಿ ತೆಗೆದು ಮಾಡ್ತಾ ಅರ್ಧ ದಿನ ಹಾಳ್ಮಾಡ್ಕೊಂಡೆ. ಫೆಬ್ರವರಿಲಿ ಸ್ಪ್ರಿಂಕ್ಲರ್ ಹಾಕುವಾಗ ಜೆಟ್ ತಿರುಗ್ಲಿಲ್ಲ ಅಂದ್ರೆ ಯಾರೂ ಸೀದಾ ಹೋಗಿ ಜೆಟ್ ಬಿಚ್ಚಲ್ಲ. ಮೋಟ್ರು ನೀರೆತ್ತುತ್ತಿದ್ಯಾ, ಎಲ್ಲಾದ್ರೂ ಜಾಯಿಂಟ್ ಬಿಟ್ಟಿದ್ಯಾ ಅಂತ ಲೈನ್ ಹಿಡ್ಕೊಂಡು ಕೆಳಗಿಂದ ಮೇಲಕ್ಕೆ ನಡ್ಕೊಂಡು ಬರ್ತಾರೆ, ಜೆಟ್ ಬಾಯಲ್ಲಿ ಎಲೆ ಸಿಕ್ಕಿದ್ರೆ ಅದು ಕೊನೇಗೆ ಗೊತ್ತಾಗತ್ತೆ. ಫೆಚ್‌ಗೂ ಹಂಗೇ ಮಾಡ್ಬೇಕು ಅಂತ ತಲೆಗೆ ಹೊಳೆದಮೇಲೆ ನಂಗೆ ನೆಮ್ಮದಿ. ರಿಕ್ವೆಸ್ಟ್ ಬ್ರೌಸರ್ ಬಿಟ್ಟು ಹೊರಟಿದ್ಯಾ, ಸರ್ವರ್ ಮುಟ್ಟಿದ್ಯಾ, ಸರ್ವರ್ ಏನಂದಿದೆ, ಅದು ಅಂದಿದ್ದು ನಿಮ್ಮ ಕೋಡ್ ಕೈಗೆ ಸಿಕ್ಕಿದ್ಯಾ, ಸಿಕ್ಕಿದ್ದನ್ನ ನೀವೇ ಎಲ್ಲಾದ್ರೂ ಕಳೆದ್ರಾ. ಎಲ್ಲಿ ನಿಂತಿದೆ ಅಂತ ಗೊತ್ತಾದ್ರೆ ರಿಪೇರಿ ಹತ್ತು ನಿಮಿಷದ ಕೆಲ್ಸ.

ಮೊದ್ಲು ನೆಟ್‌ವರ್ಕ್ ಟ್ಯಾಬ್, ಆಮೇಲೆ ಕೋಡು

ಎಫ್12 ಒತ್ತಿ ಬ್ರೌಸರಿನ ಡೆವಲಪರ್ ಟೂಲ್ಸ್ ತೆಗೆದು, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, 'ಪ್ರಿಸರ್ವ್ ಲಾಗ್' ಮತ್ತೆ 'ಡಿಸೇಬಲ್ ಕ್ಯಾಶ್' ಎರಡಕ್ಕೂ ಟಿಕ್ ಹಾಕಿ, ಪೇಜ್ ರಿಫ್ರೆಶ್ ಮಾಡಿ. ಈ ಟ್ಯಾಬ್ ಓಪನ್ ಆಗೋ ಮುಂಚೆ ನಡೆದಿದ್ದು ಅಲ್ಲಿ ಕಾಣಲ್ಲ, ಅದಕ್ಕೆ ಓಪನ್ ಮಾಡಿದಮೇಲೇ ರಿಫ್ರೆಶ್ ಮಾಡ್ಬೇಕು. ಫೋನಲ್ಲಿ ಮಾತ್ರ ಬರೋ ತೊಂದ್ರೆ ಆದ್ರೆ ಆಂಡ್ರಾಯ್ಡ್ ಫೋನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್ಸ್ಪೆಕ್ಟ್ ಪೇಜ್ ತೆಗೆದ್ರೆ ಫೋನಿನ ನೆಟ್‌ವರ್ಕ್ ಟ್ಯಾಬ್ ನಿಮ್ಮ ಸ್ಕ್ರೀನಿಗೇ ಬರತ್ತೆ. ಚಿಕ್ಕಪ್ಪನ ಫೋನ್ ಕಥೆ ಎಲ್ಲ ನಾನು ಹಿಂಗೇ ನೋಡಿದ್ದು, ಅವ್ರು ಕಾಫಿ ಕುಡಿದು ಮುಗಿಸೋಷ್ಟ್ರಲ್ಲಿ ಕಾರಣ ಸಿಕ್ಕಿರೋದು.

ಅಲ್ಲಿ ನಿಮ್ಮ ರಿಕ್ವೆಸ್ಟಿನ ಸಾಲೇ ಇಲ್ಲ ಅಂದ್ರೆ ಅದು ಹೊರಟೇ ಇಲ್ಲ, ಸರ್ವರ್ ಬರೆದವ್ರನ್ನ ಬೈಬೇಡಿ. ಫಂಕ್ಷನ್ ಕರೆದೇ ಇಲ್ಲ, ಇಲ್ಲ ಅದಕ್ಕಿಂತ ಮೇಲೆ ಎಲ್ಲೋ ಎರರ್ ಬಂದು ಕೋಡ್ ಅಲ್ಲೇ ನಿಂತಿದೆ, ಎರರ್ ಎಲ್ಲ ಬೀಳೋ ಕನ್ಸೋಲ್ ಟ್ಯಾಬ್ ನೋಡಿ. ಗೆಟ್ ರಿಕ್ವೆಸ್ಟಿಗೆ (ಬರೀ ಡೇಟಾ ಕೇಳೋದು) ಬಾಡಿ (ಜೊತೆಗೆ ಕಳಿಸೋ ಡೇಟಾ) ಹಾಕಿದ್ರೂ ಅಷ್ಟೇ, ಫೆಚ್ ಅಲ್ಲೇ ಟೈಪ್ ಎರರ್ ಕೊಟ್ಟು ಕೈತೊಳ್ಕೊಳತ್ತೆ, ಒಂದು ಹೆಜ್ಜೆನೂ ಮುಂದಕ್ಕೆ ಹೋಗಲ್ಲ.

ಸಾಲು ಇದೆ, ಆದ್ರೆ ಸ್ಟೇಟಸ್ ಜಾಗದಲ್ಲಿ 'ಕ್ಯಾನ್ಸಲ್ಡ್' ಅಂತಿದೆ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ನಿಮ್ಮ ಬಟನ್ ಒಂದು ಫಾರ್ಮ್ ಒಳಗಿದೆ ಅಂತ ನನ್ನ ಬೆಟ್ಟು. ಬಟನ್ ಒತ್ತಿದ ತಕ್ಷಣ ಫೆಚ್ ಹೊರಡತ್ತೆ, ಅದೇ ಉಸಿರಲ್ಲಿ ಫಾರ್ಮ್ ತನ್ನ ಹಳೇ ಬುದ್ಧಿ ತೋರಿಸಿ ಪೇಜನ್ನೇ ರೀಲೋಡ್ ಮಾಡತ್ತೆ, ಹೊರಟಿದ್ದ ರಿಕ್ವೆಸ್ಟ್ ದಾರೀಲೇ ಸಾಯತ್ತೆ. ಸಬ್ಮಿಟ್ ಹ್ಯಾಂಡ್ಲರ್ ಮೊದಲನೇ ಲೈನಲ್ಲಿ ಪ್ರಿವೆಂಟ್-ಡಿಫಾಲ್ಟ್ ಹಾಕಿ, ಮುಗೀತು. 'ಬ್ಲಾಕ್ಡ್ ಬೈ ಕ್ಲೈಂಟ್' ಅಂತಿದ್ರೆ ಆಡ್ ಬ್ಲಾಕರ್ ಕೆಲ್ಸ, ಅಡ್ರೆಸ್ಸಲ್ಲಿ ಜಾಹೀರಾತಿನ ವಾಸನೆ ಬರೋ ಪದ ಏನಾದ್ರೂ ಇದ್ರೆ ತೆಗೀರಿ.

'ಫೇಲ್ಡ್ ಟು ಫೆಚ್' ಅನ್ನೋ ಒಂದೇ ಬಾಯಿ

ಉತ್ತರ ಕೋಡಿನ ಕೈಗೆ ಸಿಗದೇ ಹೋದ್ರೆ ಕ್ರೋಮ್ ಅದನ್ನ 'ಫೇಲ್ಡ್ ಟು ಫೆಚ್' ಅನ್ನತ್ತೆ, ಫೈರ್‌ಫಾಕ್ಸ್ 'ನೆಟ್‌ವರ್ಕ್ ಎರರ್' ಅಂತ ಶುರುಮಾಡಿ ಒಂದುದ್ದದ ವಾಕ್ಯ ಹೇಳತ್ತೆ, ಸಫಾರಿ 'ಲೋಡ್ ಫೇಲ್ಡ್' ಅಂದು ಸುಮ್ಮನಾಗತ್ತೆ. ಮೂರೂ ಒಂದೇ. ನಿಮ್ಮ ಕ್ಯಾಚ್ ಬ್ಲಾಕಿಗೆ (ಎರರ್ ಹಿಡಿಯೋ ಕೋಡು) ಸಿಗೋ ಈ ಟೈಪ್ ಎರರಲ್ಲಿ ನಿಜವಾದ ಕಾರಣ ಇರಲ್ಲ, ಬೇರೆ ಸೈಟಿನ ಒಳಗಿನ ಸಂಗತಿ ಸ್ಕ್ರಿಪ್ಟಿಗೆ ಸೋರಿ ಹೋಗ್ಬಾರ್ದು ಅಂತ ಬ್ರೌಸರು ಬೇಕಂತಲೇ ಮುಚ್ಚಿಡತ್ತೆ. ಕಾರಣ ಇರೋದು ಕನ್ಸೋಲಿನ ಕೆಂಪು ಸಾಲಲ್ಲಿ. ಹಾಗಾಗಿ ಎರರ್ ಮೆಸೇಜ್ ಪ್ರಿಂಟ್ ಮಾಡಿ ಅದನ್ನೇ ಗೂಗಲ್ ಮಾಡ್ತಾ ಕೂರೋದು ದಂಡ, ಇಂಟರ್ನೆಟ್ಟೇ ಇಲ್ಲದಿದ್ರೂ ಅದೇ ಮೆಸೇಜು, ಸರ್ವರ್ ಆಫ್ ಆಗಿದ್ರೂ ಅದೇ ಮೆಸೇಜು.

ನಾನು ಮಾಡೋ ಮೊದಲನೇ ಪರೀಕ್ಷೆ: ಆ ಅಡ್ರೆಸ್ಸನ್ನ ಕಾಪಿ ಮಾಡಿ ಅದೇ ಬ್ರೌಸರಲ್ಲಿ ಹೊಸ ಟ್ಯಾಬಲ್ಲಿ ತೆಗೆಯೋದು. ಅಲ್ಲೂ ಬರಲ್ಲ ಅಂದ್ರೆ ನಿಮ್ಮ ಜಾವಾಸ್ಕ್ರಿಪ್ಟಿಗೂ ಇದಕ್ಕೂ ಸಂಬಂಧ ಇಲ್ಲ. ತೋಟದ ಆಫೀಸಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ತೋಟದ ಲೆಕ್ಕ ಬರೆಯೋ ರೈಟ್ರು ಅದರಲ್ಲೇ ಚೆಕ್‌ರೋಲ್ (ಕೆಲ್ಸದವ್ರ ಹಾಜರಿ) ಬರೀತಾರೆ, ಅದರಲ್ಲಿ ಮಾತ್ರ ಆಗಾಗ ಡೇಟಾ ನಿಂತುಹೋಗೋದು. ಹೊಸ ಟ್ಯಾಬಲ್ಲಿ ಸರ್ವರ್ ಅಡ್ರೆಸ್ ತೆಗೆದ್ರೆ ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) ಡೇಟ್ ಸರಿ ಇಲ್ಲ ಅಂತ ದೊಡ್ಡ ವಾರ್ನಿಂಗು. ಕೆಳಗೆ ಮೂಲೇಲಿ ಗಡಿಯಾರ ನೋಡಿದ್ರೆ ಕಂಪ್ಯೂಟರ್ ಇನ್ನೂ ಎಷ್ಟೋ ವರ್ಷ ಹಿಂದೆ ಇತ್ತು! ಮದರ್‌ಬೋರ್ಡಿನ ಬಟನ್ ಸೆಲ್ ಸತ್ತು, ಕರೆಂಟ್ ಹೋದಾಗೆಲ್ಲ ಡೇಟ್ ಹಿಂದಕ್ಕೆ ಹೋಗ್ತಿತ್ತು, ಮಳೆಗಾಲದಲ್ಲಿ ನಮ್ ಕಡೆ ಕರೆಂಟ್ ಹೋಗೋದು ಕೇಳ್ಬೇಕಾ. ಆ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಸೆಲ್ ಬದಲಾಯಿಸಿದಮೇಲೆ ಸರಿಹೋಯ್ತು, ಒಂದು ಲೈನ್ ಕೋಡ್ ಮುಟ್ಟಿಲ್ಲ.

ಹೊಸ ಟ್ಯಾಬಲ್ಲಿ ಚೆನ್ನಾಗೇ ಬರತ್ತೆ, ಪೇಜಿಂದ ಮಾತ್ರ ಬರಲ್ಲ ಅಂದ್ರೆ ಎರಡು ಅನುಮಾನ. ಒಂದು, ನಿಮ್ಮ ಪೇಜು ಎಚ್‌ಟಿಟಿಪಿಎಸ್ (ಗುಟ್ಟಾಗಿ ಕಳಿಸೋ ದಾರಿ), ಕರೆಯೋ ಅಡ್ರೆಸ್ಸು ಬರೀ ಎಚ್‌ಟಿಟಿಪಿ. ಇದಕ್ಕೆ ಮಿಕ್ಸೆಡ್ ಕಂಟೆಂಟ್ ಅಂತಾರೆ, ಬ್ರೌಸರ್ ಮುಲಾಜಿಲ್ದೆ ತಡೆಯತ್ತೆ. ಮಜಾ ಏನಂದ್ರೆ ಲೋಕಲ್‌ಹೋಸ್ಟಿಗೆ (ಅಂದ್ರೆ ನಮ್ಮದೇ ಮಷೀನಿಗೆ) ವಿನಾಯ್ತಿ ಇದೆ, ಹಂಗಾಗಿ ನಮ್ ಲ್ಯಾಪ್‌ಟಾಪಲ್ಲಿ ಎಲ್ಲ ಸುಗಮ, ಆನ್‌ಲೈನ್ ಹಾಕಿದ ದಿನ ಪೆಟ್ಟು. ಎರಡನೇ ಅನುಮಾನ ಕೋರ್ಸ್, ಅಂದ್ರೆ ಕಾಲೇಜಿನ ಕೋರ್ಸ್ ಅಲ್ಲ, ಸಿಒಆರ್‌ಎಸ್, ಒಂದು ಸೈಟಿನ ಪೇಜು ಇನ್ನೊಂದು ಸೈಟಿನ ಉತ್ತರ ಓದೋಕೆ ಬ್ರೌಸರ್ ಇಟ್ಟಿರೋ ನಿಯಮ. ನನ್ನ ಮಾನ ಹರಾಜಾಗಿದ್ದು ಇದರಲ್ಲೇ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

85 ಸೆಂಟ್ಸ್ ಮಳೆ ಮೂರಿಂಚು ನಲವತ್ತಾದ ಕಥೆ

ಜೂನಲ್ಲಿ ಒಂದಿನ ಬೆಳಗ್ಗೆ ಚಿಕ್ಕಪ್ಪ 85 ಅಂತ ಟೈಪ್ ಮಾಡಿ ಸೇವ್ ಒತ್ತಿದಾರೆ. "ಸೇವ್ ಆಗಿಲ್ಲ, ಮತ್ತೆ ಪ್ರಯತ್ನಿಸಿ" ಅಂತ ಬಂದಿದೆ (ಆ ಮೆಸೇಜ್ ಬರೆದಿದ್ದು ನಾನೇ, ಕೆಟ್ಟ ಮೆಸೇಜು). ಮತ್ತೆ ಒತ್ತಿದಾರೆ. ಮತ್ತೆ ಅದೇ. ಒಟ್ಟು ನಾಲ್ಕು ಸಲ ಒತ್ತಿ ಬೇಜಾರಾಗಿ ಫೋನ್ ಇಟ್ಟು ತೋಟಕ್ಕೆ ಹೋಗಿದಾರೆ. ಹತ್ತೂವರೆಗೆ ಪಕ್ಕದ ತೋಟದವ್ರ ಫೋನು, "ಏನ್ ಮಾರಾಯ್ರೆ, ನಮ್ಮಲ್ಲಿ ಒಂದಿಂಚೂ ಇಲ್ಲ, ಬೇಲಿ ಆಚೆ ನಿಮ್ಮಲ್ಲಿ ಮೂರಿಂಚು ನಲವತ್ತು ಬಿತ್ತಾ?"

ನಾಲ್ಕು ಸಲಾನೂ ಸೇವ್ ಆಗಿತ್ತು. 85 ನಾಲ್ಕಲೆ 340. ಪೇಜ್ ಮಾತ್ರ ನಾಲ್ಕು ಸಲಾನೂ ಆಗಿಲ್ಲ ಅಂದಿತ್ತು.

ಆಗಿದ್ದೇನು ಅಂದ್ರೆ, ಅದರ ಹಿಂದಿನ ದಿನ ನಾನು ಪೇಜನ್ನ ಬೇರೆ ಡೊಮೇನ್ ಹೆಸರಿಗೆ ಬದಲಾಯಿಸಿದ್ದೆ. ಪೇಜಿರೋ ಜಾಗ ಒಂದು, ಸರ್ವರಿರೋ ಜಾಗ ಇನ್ನೊಂದು ಆದ್ರೆ ಬ್ರೌಸರ್ ಪಾಲಿಗೆ ಅವು ಬೇರೆ ಬೇರೆ ಒರಿಜಿನ್. ಒರಿಜಿನ್ ಅಂದ್ರೆ ಮೂರೂ ಸೇರಿ: ಎಚ್‌ಟಿಟಿಪಿನೋ ಎಚ್‌ಟಿಟಿಪಿಎಸ್ಸೋ, ಹೋಸ್ಟಿನ ಹೆಸರು, ಪೋರ್ಟ್ ನಂಬರು. ಮೂರರಲ್ಲಿ ಒಂದು ಬೇರೆಯಾದ್ರೂ ಬೇರೆಯವ್ರ ಮನೆ. ಲೋಕಲ್‌ಹೋಸ್ಟ್ ಅಂತ ಬರೆದ್ರೆ ಒಂದು ಒರಿಜಿನ್, 127.0.0.1 ಅಂತ ಬರೆದ್ರೆ ಇನ್ನೊಂದು ಒರಿಜಿನ್, ಎರಡೂ ನಿಮ್ಮದೇ ಮಷೀನ್ ಆಗಿದ್ರೂ. ಇಂಥಾ ಕಡೆ ಸರ್ವರು ತನ್ನ ಉತ್ತರದ ಜೊತೆ 'ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್' ಅನ್ನೋ ಹೆಡರಲ್ಲಿ (ಉತ್ತರದ ಮೇಲೆ ಅಂಟಿಸಿದ ಚೀಟಿ ಥರ) "ಈ ಪೇಜಿಗೆ ಓದೋಕೆ ಬಿಡು" ಅಂತ ಬ್ರೌಸರಿಗೆ ಹೇಳ್ಬೇಕು. ಗೆಳೆಯನ ಸರ್ವರಲ್ಲಿ ನನ್ನ ಹಳೇ ಹೆಸರಿತ್ತು, ಹೊಸದು ಇರ್ಲಿಲ್ಲ.

ಇಲ್ಲಿ ಎಲ್ರೂ ತಪ್ಪು ತಿಳ್ಕೊಳ್ಳೋದು ಒಂದಿದೆ, ನಾನೂ ತಿಳ್ಕೊಂಡಿದ್ದೆ. ಕೋರ್ಸ್ ಅಡ್ಡ ಬಂದ್ರೆ ರಿಕ್ವೆಸ್ಟೇ ಹೋಗಲ್ಲ ಅಂತ. ಯಾವಾಗ್ಲೂ ಹಂಗಲ್ಲ. ಸಾದಾ ರಿಕ್ವೆಸ್ಟ್ ಆದ್ರೆ ಅದು ಸರ್ವರಿಗೆ ಹೋಗತ್ತೆ, ಸರ್ವರ್ ಕೆಲ್ಸ ಮಾಡತ್ತೆ, ಉತ್ತರಾನೂ ವಾಪಸ್ ಬರತ್ತೆ, ಬಂದ ಉತ್ತರವನ್ನ ಬ್ರೌಸರ್ ನಿಮ್ಮ ಸ್ಕ್ರಿಪ್ಟಿಗೆ ಕೊಡಲ್ಲ ಅಷ್ಟೇ. ನಾನು ಪೋಸ್ಟ್ ಮಾಡುವಾಗ, ಅಂದ್ರೆ ಡೇಟಾ ಕಳಿಸುವಾಗ, ಅದನ್ನ ಜೇಸನ್ ಅನ್ನೋ ಪಠ್ಯ ರೂಪಕ್ಕೆ ಸ್ಟ್ರಿಂಗಿಫೈ ಮಾಡಿದ್ದೆ, ಆದ್ರೆ ಅದು ಯಾವ ಥರದ ಡೇಟಾ ಅಂತ ಹೇಳೋ ಕಂಟೆಂಟ್-ಟೈಪ್ ಹೆಡರ್ ಹಾಕೋದು ಮರ್ತಿದ್ದೆ. ಬಾಡೀಲಿ ಬರೀ ಸ್ಟ್ರಿಂಗ್ ಇದ್ರೆ ಫೆಚ್ ಅದನ್ನ 'ಟೆಕ್ಸ್ಟ್ ಸ್ಲ್ಯಾಶ್ ಪ್ಲೇನ್' ಅಂತ ಕಳ್ಸತ್ತೆ, ಅದು ಸಾದಾ ರಿಕ್ವೆಸ್ಟಿನ ಪಟ್ಟೀಲಿದೆ, ಫಾರ್ಮ್‌ಗಳು ಕಳಿಸೋ ಎರಡು ಟೈಪೂ ಅದೇ ಪಟ್ಟೀಲಿವೆ. ನನ್ನ ಗೆಳೆಯನೂ ಉದಾರಿ, ಟೈಪ್ ಏನೇ ಇರ್ಲಿ ಬಂದಿದ್ದನ್ನ ಜೇಸನ್ ಅಂತ ಬಿಚ್ಚಿ ಸೇವ್ ಮಾಡ್ಕೊಳೋ ಹಾಗೆ ಬರೆದಿದ್ದ. ಅವನ ಲಾಗಲ್ಲಿ ನಾಲ್ಕು ಸಲ 200 (ಸರಿಯಾಯ್ತು ಅನ್ನೋ ನಂಬರು), ಇಲ್ಲಿ ನಾಲ್ಕು ಸಲ 'ಫೇಲ್ಡ್ ಟು ಫೆಚ್'. ಇಬ್ರೂ ಫೋನಲ್ಲಿ "ನಿಂದೇ ತಪ್ಪು" "ನಿಂದೇ ತಪ್ಪು" ಅಂತ ಅರ್ಧ ಗಂಟೆ.

ಕಂಟೆಂಟ್-ಟೈಪನ್ನ 'ಅಪ್ಲಿಕೇಶನ್ ಸ್ಲ್ಯಾಶ್ ಜೇಸನ್' ಅಂತ ಸರಿಯಾಗಿ ಹಾಕಿದಮೇಲೆ ಆಟ ಬದಲಾಯ್ತು. ಈಗ ಬ್ರೌಸರ್ ಮೊದ್ಲು 'ಆಪ್ಷನ್ಸ್' ಅನ್ನೋ ಮೆಥಡಲ್ಲಿ "ಹಿಂಗಿಂಥದ್ದು ಕಳಿಸ್ಲಾ" ಅಂತ ಕೇಳ್ಕೊಂಡು ಬರತ್ತೆ, ಪ್ರಿಫ್ಲೈಟ್ ಅಂತಾರೆ. ಅದಕ್ಕೆ ಒಪ್ಪಿಗೆ ಸಿಕ್ರೆ ಮಾತ್ರ ನಿಜವಾದ ಪೋಸ್ಟ್ ಹೊರಡೋದು. ಅವನ ಸರ್ವರಿಗೆ ಆಪ್ಷನ್ಸ್ ಅಂದ್ರೆ ಏನಂತ್ಲೇ ಗೊತ್ತಿಲ್ದೆ 404 (ಅಂಥದ್ದಿಲ್ಲ) ಕೊಡ್ತು, ಸೇವ್ ಆಗೋದೂ ನಿಂತ್ಹೋಯ್ತು. ಅಂದ್ರೆ ಸರಿಮಾಡಕ್ಕೆ ಹೋಗಿ ಇನ್ನೂ ಹಾಳ್ಮಾಡಿದ ಹಾಗೆ ಕಾಣ್ತು, ಆದ್ರೆ ಅದು ಸರಿ ದಾರಿನೇ, ಸುಳ್ಳು ಹೇಳೋ ಬದ್ಲು ಈಗ ಪೂರ್ತಿ ನಿಂತಿದೆ. ಅವನು ಆಪ್ಷನ್ಸ್‌ಗೆ ಉತ್ತರ ಕೊಟ್ಟು, ಅಲೌ-ಹೆಡರ್ಸ್‌ನಲ್ಲಿ ಕಂಟೆಂಟ್-ಟೈಪ್ ಸೇರಿಸಿ, ನನ್ನ ಹೊಸ ಹೆಸರು ಹಾಕಿದಮೇಲೆ ಹರೀತು.

ಈ ಜಾಗದಲ್ಲಿ ಇನ್ನೆರಡು ಮಾತು. ಯಾರಾದ್ರೂ 'ಮೋಡ್ ನೋ-ಕೋರ್ಸ್' ಹಾಕಿ ಸರಿಹೋಗತ್ತೆ ಅಂದ್ರೆ ನಂಬ್ಬೇಡಿ. ಎರರ್ ಹೋಗತ್ತೆ ನಿಜ, ಆದ್ರೆ ಸಿಗೋ ರೆಸ್ಪಾನ್ಸಲ್ಲಿ ಸ್ಟೇಟಸ್ 0, ಬಾಡಿ ಓದಕ್ಕಾಗಲ್ಲ, ಬೀಗ ಹಾಕಿರೋ ಡಬ್ಬ ಮನೆಗೆ ತಂದಂಗೆ. ಎರಡನೇದು, ಕನ್ಸೋಲಲ್ಲಿ ಕೋರ್ಸ್ ಅಂತ ಬಂದಿದ್ದೆಲ್ಲ ಕೋರ್ಸ್ ತಪ್ಪಲ್ಲ. ಸರ್ವರ್ ಒಳಗೆ ಏನೋ ಕುಸಿದು 500 ಕೊಟ್ಟಾಗ ಆ ಎರರ್ ಪೇಜಿಗೆ ಅನುಮತಿ ಹೆಡರ್ ಸೇರಿರಲ್ಲ, ಆಗ ಬ್ರೌಸರ್ ಹೆಡರ್ ಇಲ್ಲ ಅಂತ ಕೂಗತ್ತೆ, ನಿಜವಾದ ರೋಗ ಬೇರೆ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರಲ್ಲಿ ಆಡ್-ಹೆಡರ್ ಬರೆದಿದ್ರೆ ಕೊನೇಲಿ 'ಆಲ್ವೇಸ್' ಅಂತ ಸೇರಿಸದೆ ಇದ್ದಾಗ 404ಕ್ಕೂ 500ಕ್ಕೂ ಆ ಹೆಡರ್ ಹೋಗಲ್ಲ. ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಇದ್ದಕ್ಕಿದ್ದಂಗೆ ಕೋರ್ಸ್ ಅಂದ್ರೆ, ಯಾರೂ ಸೆಟ್ಟಿಂಗ್ ಮುಟ್ಟಿಲ್ಲ ಅಂದ್ರೆ, ಸರ್ವರ್ ಲಾಗಲ್ಲಿ 500 ಹುಡುಕಿ.

ಕುಕಿ ಬೇಕಾದ ಕಡೆ 'ಕ್ರೆಡೆನ್ಶಿಯಲ್ಸ್ ಇನ್‌ಕ್ಲೂಡ್' ಹಾಕಿದ್ರೆ ಸರ್ವರು ನಕ್ಷತ್ರ ಚಿಹ್ನೆ ಹಾಕಿ "ಯಾರು ಬೇಕಾದ್ರೂ ಬನ್ನಿ" ಅನ್ನೋ ಹಾಗಿಲ್ಲ, ಪೇಜಿನ ಒರಿಜಿನ್ ಹೆಸರನ್ನೇ ಬರೀಬೇಕು.

ಉತ್ತರ ಬಂದಿದೆ, ಆದ್ರೆ ಅದು ಉತ್ತರ ಅಲ್ಲ

ಫೆಚ್‌ಗೆ ಒಂದು ವಿಚಿತ್ರ ಸ್ವಭಾವ. 404 ಬಂದ್ರೂ 500 ಬಂದ್ರೂ ಅದು ಎರರ್ ಅನ್ನಲ್ಲ, ಕ್ಯಾಚ್ ಬ್ಲಾಕಿಗೆ ಹೋಗಲ್ಲ. ಸರ್ವರಿಂದ ಏನೋ ಒಂದು ಉತ್ತರ ಬಂತಲ್ಲ, ನನ್ನ ಕೆಲ್ಸ ಆಯ್ತು ಅನ್ನೋ ಪೋಸ್ಟ್‌ಮ್ಯಾನ್ ಥರ, ಲಕೋಟೆ ಒಳಗೆ ಬೈಗುಳ ಇದ್ರೂ ಅವನಿಗೇನು. ರೆಸ್ಪಾನ್ಸಲ್ಲಿ 'ಓಕೆ' ಅಂತ ಒಂದು ಪ್ರಾಪರ್ಟಿ ಇದೆ, ಸ್ಟೇಟಸ್ 200ರಿಂದ 299ರ ಒಳಗಿದ್ರೆ ಮಾತ್ರ ಅದು ಟ್ರೂ. ಅದನ್ನ ನೋಡಿ, ಟ್ರೂ ಅಲ್ಲಾಂದ್ರೆ ನೀವೇ ಎರರ್ ಎಸೀರಿ. ಜೂನ್ ಆದಮೇಲೆ ನಾನು ಬರೆದಿರೋ ಎಲ್ಲ ಫೆಚ್‌ನ ಕೆಳಗೂ ಈ ಒಂದು ಇಫ್ ಇದೆ.

ಇದನ್ನ ಬಿಟ್ಟಾಗ ಬರೋ ಹೆಸರಾಂತ ಎರರ್ 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಅಂತ, ಪಕ್ಕದಲ್ಲಿ '<' ಚಿಹ್ನೆ. ಫೈರ್‌ಫಾಕ್ಸಲ್ಲಿ ಒಂದನೇ ಸಾಲು ಒಂದನೇ ಕಾಲಮ್ಮಲ್ಲಿ ಏನೋ ಸರಿಯಿಲ್ಲ ಅನ್ನತ್ತೆ. ಆ '<' ಎಚ್‌ಟಿಎಂಎಲ್ ಪೇಜಿನ ಮೊದಲನೇ ಅಕ್ಷರ. ಜೇಸನ್ ಕೇಳಿದ್ರೆ ಯಾರೋ ವೆಬ್ ಪೇಜ್ ಕಳ್ಸಿದಾರೆ ಅಂತ ಅರ್ಥ. ಲಾಗಿನ್ ಅವಧಿ ಮುಗಿದು ಲಾಗಿನ್ ಪೇಜಿಗೆ ತಿರುಗಿಸಿರಬಹುದು, 404 ಪೇಜ್ ಇರಬಹುದು. ನನ್ನ ಕೇಸಲ್ಲಿ ಇನ್ನೂ ತಮಾಷೆ: ಅಡ್ರೆಸ್ ಬರೆಯುವಾಗ ಮುಂದಿನ ಎಚ್‌ಟಿಟಿಪಿಎಸ್ ಮತ್ತೆ ಎರಡು ಸ್ಲ್ಯಾಶ್ ಬಿಟ್ಟುಬಿಟ್ಟಿದ್ದೆ. ಅದಿಲ್ಲ ಅಂದ್ರೆ ಬ್ರೌಸರ್ ಅದನ್ನ ಹೊರಗಿನ ಅಡ್ರೆಸ್ ಅಂತ ತಿಳ್ಕೊಳಲ್ಲ, ನನ್ನದೇ ಪೇಜಿನ ಒಳಗಿನ ಒಂದು ದಾರಿ ಅಂದ್ಕೊಂಡು ನನ್ನದೇ ಸೈಟನ್ನ ಕೇಳತ್ತೆ. ನನ್ನ ಹೋಸ್ಟಿಂಗಲ್ಲಿ ಗೊತ್ತಿಲ್ಲದ ದಾರಿ ಕೇಳಿದ್ರೆ ಹೋಂ ಪೇಜನ್ನೇ ಕೊಡೋ ಸೆಟ್ಟಿಂಗ್ ಇತ್ತು, ಸ್ಟೇಟಸ್ 200! ಓಕೆ ಟ್ರೂ! ಇಫ್ ಕೂಡ ದಾಟ್ಕೊಂಡು ಬಂತು. ನೆಟ್‌ವರ್ಕ್ ಟ್ಯಾಬಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಪೂರ್ತಿ ರಿಕ್ವೆಸ್ಟ್ ಯುಆರ್‌ಎಲ್ ಓದಿದ್ದಿದ್ರೆ ಒಂದು ನಿಮಿಷದ ಕೆಲ್ಸ, ಓದ್ಲಿಲ್ಲ, ಸ್ಟೇಟಸ್ ಹಸಿರಿದೆ ಅಂತ ಮುಂದೆ ಹೋದೆ.

ಅನುಮಾನ ಬಂದಾಗ ಜೇಸನ್ ಮಾಡೋ ಬದ್ಲು 'ಟೆಕ್ಸ್ಟ್' ಮೆಥಡ್ ಕರೆದು ಮೊದಲ ಇನ್ನೂರು ಅಕ್ಷರ ಕನ್ಸೋಲಲ್ಲಿ ಪ್ರಿಂಟ್ ಮಾಡಿ, ಜೊತೆಗೆ ಕಂಟೆಂಟ್-ಟೈಪ್ ಹೆಡರನ್ನೂ. ಆದ್ರೆ ಟೆಕ್ಸ್ಟ್ ಓದಿ ಆಮೇಲೆ ಅದೇ ರೆಸ್ಪಾನ್ಸಿಗೆ ಜೇಸನ್ ಕರೆದ್ರೆ ಬಾಡಿ ಆಗ್ಲೇ ಓದಾಗಿದೆ ಅಂತ ಬೈಸ್ಕೊತೀರ, ಬಾಡಿ ಒಂದೇ ಸಲ ಓದೋಕಾಗೋದು. ಓದಿದ ಟೆಕ್ಸ್ಟನ್ನೇ ಜೇಸನ್ ಪಾರ್ಸ್‌ಗೆ ಕೊಡಿ, ಇಲ್ಲ ಓದೋ ಮುಂಚೆ ಕ್ಲೋನ್ ಮಾಡ್ಕೊಳಿ. 'ಅನ್‌ಎಕ್ಸ್‌ಪೆಕ್ಟೆಡ್ ಎಂಡ್' ಅಂತ ಬಂದ್ರೆ ಬಾಡಿ ಖಾಲಿ ಬಂದಿದೆ ಇಲ್ಲ ಅರ್ಧಕ್ಕೇ ಕಡಿದಿದೆ, 204 ಕೊಡೋ ಸರ್ವರ್‌ಗಳಲ್ಲಿ ಇದು ಮಾಮೂಲಿ. ಪ್ರಾಮಿಸ್ ಪೆಂಡಿಂಗ್ ಅಂತ ಪ್ರಿಂಟ್ ಆದ್ರೆ ಅವೈಟ್ ಮರ್ತಿದೀರ, ಜೇಸನ್ ಮೆಥಡ್ ಮುಂದೆಯೂ ಅವೈಟ್ ಬೇಕು, ಅಷ್ಟೆ.

ಅಡ್ರೆಸ್ ಒಳಗೆ ಕನ್ನಡ ಇದ್ರೆ ತೊಂದ್ರೆ ಆಗತ್ತಾ ಅಂತ ತುಂಬಾ ಜನ ಕೇಳ್ತಾರೆ. 'ಹಾಸನ' ಅಂತ ಹಾಕಿದ್ರೆ ನೆಟ್‌ವರ್ಕ್ ಟ್ಯಾಬಲ್ಲಿ ಅದು ಪರ್ಸೆಂಟ್ ಚಿಹ್ನೆಗಳ 36 ಅಕ್ಷರದ ಸರಮಾಲೆಯಾಗಿ ಕಾಣ್ಬಹುದು, ಕಾಗುಣಿತ ಬಿಡಿಸಿದ್ರೆ ನಾಲ್ಕು ಕೋಡು, ಒಂದೊಂದಕ್ಕೆ ಮೂರು ಬೈಟು, ಒಂದು ಬೈಟಿಗೆ ಮೂರು ಅಕ್ಷರ. ಅದನ್ನ ನೋಡಿ ಗಾಬರಿ ಬೇಡ, ಅದು ಸರಿಯಾಗೇ ಇದೆ. ಕೆಡಿಸೋದು ಕನ್ನಡ ಅಲ್ಲ, & ಮತ್ತೆ # ಮತ್ತೆ + ಈ ಮೂರು. ತೋಟದ ಹೆಸರಲ್ಲಿ '& ಸನ್ಸ್' ಇದ್ರೆ ಅಲ್ಲಿಗೇ ಹೆಸರು ತುಂಡು, # ಬಂದ್ರೆ ಅಲ್ಲಿಂದ ಮುಂದಿನದು ಸರ್ವರಿಗೆ ಹೋಗೋದೇ ಇಲ್ಲ, ಫೋನ್ ನಂಬರಿನ ಮುಂದಿನ + ಸಾಮಾನ್ಯವಾಗಿ ಆ ಕಡೆ ಖಾಲಿ ಜಾಗ ಆಗಿ ಇಳಿಯತ್ತೆ. ಸ್ಟ್ರಿಂಗ್ ಸೇರಿಸಿ ಅಡ್ರೆಸ್ ಕಟ್ಟೋದು ಬಿಟ್ಟು ಯುಆರ್‌ಎಲ್-ಸರ್ಚ್-ಪ್ಯಾರಾಮ್ಸ್ ಬಳಸಿ.

ಸುತ್ತುತ್ತಾನೇ ಇದೆ

ಫೆಚ್‌ಗೆ ನೀವು ಹೇಳದೆ ಇದ್ರೆ ಟೈಮ್‌ಔಟ್ ಅನ್ನೋದಿಲ್ಲ, ಬ್ರೌಸರಿಗೆ ಬೇಜಾರಾಗೋ ತನಕ ಕಾಯತ್ತೆ. ಟೌನಲ್ಲಿ ಕೂತು ಟೆಸ್ಟ್ ಮಾಡಿದವ್ರಿಗೆ ಇದು ಗೊತ್ತಾಗಲ್ಲ. ತೋಟದಲ್ಲಿ ಸಿಗ್ನಲ್ ಇರೋದು ಕಣದ ಆ ಮೂಲೇಲಿ ಒಂದು ಕಡ್ಡಿ, ಹಳ್ಳದ ಕಡೆ ಇಳಿದ್ರೆ ಅದೂ ಇಲ್ಲ. ಬ್ರೌಸರಿನ 'ಆನ್‌ಲೈನ್' ಪ್ರಾಪರ್ಟಿ ನೋಡ್ತೀನಿ ಅಂದ್ರೆ ಅದು ಟ್ರೂ ಅಂತಾನೇ ಇರತ್ತೆ, ವೈಫೈ ರೂಟರಿಗೆ ಸಿಕ್ಕಿಕೊಂಡಿದ್ರೆ ಸಾಕು ಅದಕ್ಕೆ, ರೂಟರಾಚೆ ಇಂಟರ್ನೆಟ್ ಇದ್ಯಾ ಅಂತ ಅದು ನೋಡಲ್ಲ.

ಫೆಚ್‌ನ 'ಸಿಗ್ನಲ್' ಅನ್ನೋ ಆಪ್ಷನ್ನಿಗೆ ಅಬಾರ್ಟ್-ಸಿಗ್ನಲ್ ಟೈಮ್‌ಔಟ್ 15000 ಅಂತ ಕೊಡಿ, ಹದಿನೈದು ಸೆಕೆಂಡಲ್ಲಿ 'ಟೈಮ್‌ಔಟ್ ಎರರ್' ಅಂತ ಕೈಗೆ ಬರತ್ತೆ, ಬಳಸೋರಿಗೆ ಏನಾದ್ರೂ ಹೇಳ್ಬಹುದು. ಕೆಲವ್ರು ಸ್ವಂತ ಟೈಮರ್ ಬರೆದು ಫೆಚ್ ಮುಗಿದ ತಕ್ಷಣ ಅದನ್ನ ಕ್ಲಿಯರ್ ಮಾಡಿಬಿಡ್ತಾರೆ, ಅದೂ ಒಂದು ಗುಂಡಿ. ಫೆಚ್ ಮುಗಿಯೋದು ಹೆಡರ್ ಬಂದಾಗ, ಬಾಡಿ ಇನ್ನೂ ದಾರೀಲಿರತ್ತೆ. ಒಂದು ಕಡ್ಡಿ ಸಿಗ್ನಲ್ಲಲ್ಲಿ ಹೆಡರ್ ಬಂದು ಬಾಡಿ ಅರ್ಧಕ್ಕೆ ನಿಂತ್ರೆ ಜೇಸನ್ ಮೆಥಡ್ ಹತ್ರ ಸುತ್ತುತ್ತಾ ಕೂರತ್ತೆ. ಬಾಡಿ ಓದಿ ಮುಗಿಯೋವರೆಗೂ ಟೈಮರ್ ಇರ್ಬೇಕು. ಇದನ್ನ ಮನೇಲೇ ಪರೀಕ್ಷೆ ಮಾಡೋಕೆ ನೆಟ್‌ವರ್ಕ್ ಟ್ಯಾಬಲ್ಲಿ ಥ್ರಾಟ್ಲಿಂಗ್ ಅಂತ ಇದೆ, ಸ್ಲೋ ಹಾಕ್ಕೊಂಡು ನೋಡಿ.

ಇನ್ನೊಂದು ಸಲ ಹತ್ತೂ ತೋಟದ ಬೋರ್ಡ್ ಖಾಲಿ. ನೋಡಿದ್ರೆ ಒಂದೇ ಒಂದು ತೋಟದ ರಿಕ್ವೆಸ್ಟ್ ಫೇಲ್ ಆಗಿತ್ತು, ಉಳಿದ ಒಂಬತ್ತೂ 200. ನಾನು ಹತ್ತನ್ನೂ ಪ್ರಾಮಿಸ್ ಆಲ್ ಒಳಗೆ ಹಾಕಿದ್ದೆ, ಅದು ಒಬ್ಬ ಬಿದ್ರೆ ಊರೇ ಬಿದ್ದಂಗೆ ಮಾಡತ್ತೆ. ಪ್ರಾಮಿಸ್ ಆಲ್-ಸೆಟಲ್ಡ್ ಹಾಕಿದ್ರೆ ಬಂದವ್ರ ಲೆಕ್ಕ ಬರತ್ತೆ, ಬರದವ್ರ ಜಾಗದಲ್ಲಿ ಗೀಟು ಹಾಕ್ಬಹುದು. ಹಳೇ ಎಚ್‌ಟಿಟಿಪಿ 1.1 ಸರ್ವರಾದ್ರೆ ಕ್ರೋಮ್ ಒಂದು ಹೋಸ್ಟಿಗೆ ಒಂದೇ ಸಲಕ್ಕೆ ಆರು ಕನೆಕ್ಷನ್ ಮಾತ್ರ ತೆಗೆಯತ್ತೆ, ಉಳಿದ ನಾಲ್ಕು ಕ್ಯೂನಲ್ಲಿ, ಟೈಮಿಂಗ್ ಟ್ಯಾಬಲ್ಲಿ 'ಸ್ಟಾಲ್ಡ್' ಅಂತ ಕಾಣೋದು ಅದೇ. ಕೊನೆಗೆ ಗೆಳೆಯಂಗೆ ಹೇಳಿ ಹತ್ತನ್ನೂ ಒಂದೇ ಅಡ್ರೆಸ್ಸಲ್ಲಿ ಕೊಡೋ ಹಾಗೆ ಮಾಡಿಸ್ದೆ, ಮೊದ್ಲೇ ಮಾಡ್ಬೇಕಿತ್ತು.

ನಿನ್ನೆ ಮಳೆನೇ ಇವತ್ತೂ ತೋರಿಸ್ತಿದ್ರೆ ಸೈಜ್ ಕಾಲಮ್ಮಲ್ಲಿ ಡಿಸ್ಕ್ ಕ್ಯಾಶ್ (ಉಳಿಸಿಟ್ಟ ಹಳೇ ಉತ್ತರ) ಅಂತಲೋ ಸರ್ವಿಸ್ ವರ್ಕರ್ (ಪೇಜಿನ ಹಿಂದೆ ಓಡೋ ಸ್ಕ್ರಿಪ್ಟು) ಅಂತಲೋ ಇದ್ಯಾ ನೋಡಿ (ಇದೊಂದು ಸಲ ಡಿಸೇಬಲ್ ಕ್ಯಾಶ್ ಟಿಕ್ ತೆಗೆದು ನೋಡ್ಬೇಕು, ಇಲ್ಲಾಂದ್ರೆ ಕಳ್ಳ ಸಿಗಲ್ಲ). ಮೊದಲನೇದಕ್ಕೆ ಫೆಚ್ ಆಪ್ಷನ್ನಲ್ಲಿ ಕ್ಯಾಶ್ 'ನೋ-ಸ್ಟೋರ್' ಸಾಕು.

ಎಲ್ಲ ಸರಿಯಾಗಿ ಬಂದು ಕೈಯಲ್ಲಿ ಕಳೆದಿದ್ದು

ಒಂದು ತೋಟದ ಮಳೆ ಮಾತ್ರ ದಿನಾ ಸೊನ್ನೆ. ಎಲ್ಲ ಕಡೆ 200, ಎರರ್ ಒಂದೂ ಇಲ್ಲ. ರಿಕ್ವೆಸ್ಟಿನ ಪೇಲೋಡ್ ಟ್ಯಾಬ್ ತೆಗೆದು ನೋಡಿದ್ರೆ ಮಳೆ ಜಾಗದಲ್ಲಿ 'ನಲ್', ಅಂದ್ರೆ ಏನೂ ಇಲ್ಲ. ಆ ತೋಟದ ಹಿರಿಯರು ಫೋನಿನ ಕನ್ನಡ ಕೀಬೋರ್ಡಲ್ಲಿ ೮೫ ಅಂತ ಕನ್ನಡ ಅಂಕಿಲೇ ಟೈಪ್ ಮಾಡ್ತಿದ್ರು! ಜಾವಾಸ್ಕ್ರಿಪ್ಟಿನ 'ನಂಬರ್' ಫಂಕ್ಷನ್ನಿಗೆ ಕನ್ನಡ ಅಂಕಿ ಗೊತ್ತಿಲ್ಲ, ನ್ಯಾನ್ (ಇದು ನಂಬರೇ ಅಲ್ಲ) ಕೊಡತ್ತೆ, ನ್ಯಾನನ್ನ ಜೇಸನ್ ಸ್ಟ್ರಿಂಗಿಫೈ ಮಾಡಿದ್ರೆ ಸದ್ದಿಲ್ದೆ ನಲ್ ಆಗತ್ತೆ, ಆ ನಲ್ಲನ್ನ ವಾಪಸ್ ತಂದು ಕೂಡಿದ್ರೆ ಸೊನ್ನೆ ಥರ ನಡ್ಕೊಳತ್ತೆ. ಎಲ್ಲೂ ಒಂದು ಕೆಂಪು ಸಾಲಿಲ್ಲ. ಅವ್ರಿಗೆ "ಇಂಗ್ಲಿಷ್ ಅಂಕಿ ಹಾಕಿ" ಅನ್ನೋಕೆ ನಂಗೆ ಮನಸ್ಸು ಬರ್ಲಿಲ್ಲ, ಕನ್ನಡದ ಪೇಜಲ್ಲಿ ಕನ್ನಡ ಅಂಕಿ ಬೇಡ ಅಂದ್ರೆ ಹೆಂಗೆ. ಯೂನಿಕೋಡಲ್ಲಿ ೦ ಇರೋದು 3302ರಲ್ಲಿ, ೯ 3311ರಲ್ಲಿ, ಸಾಲಾಗಿವೆ, ಆ ಅಕ್ಷರದ ಕೋಡಿಂದ 3302 ಕಳೆದ್ರೆ ಅಂಕಿ ಸಿಗತ್ತೆ. ಕಳಿಸೋ ಮುಂಚೆ ಒಂದು ರಿಪ್ಲೇಸ್ ಹಾಕಿದೆ, ಜೊತೆಗೆ ನ್ಯಾನ್ ಆದ್ರೆ ಕಳಿಸ್ಲೇಬೇಡ ಅಂತ ಒಂದು ತಡೆ.

ನಾಲ್ಕು ಸಲ ಸೇವ್ ಆಗಿದ್ದಕ್ಕೂ ಮದ್ದು ಹಾಕಿದೀನಿ. ಬಟನ್ ಒತ್ತಿದ ಕೂಡ್ಲೇ ಡಿಸೇಬಲ್ ಮಾಡೋದು ಅರ್ಧ ಮದ್ದು. ಎಂಟ್ರಿ ಟೈಪ್ ಮಾಡೋಕೆ ಶುರುಮಾಡಿದಾಗ್ಲೇ ಪೇಜಲ್ಲಿ ಒಂದು ಐಡಿ ಹುಟ್ಟತ್ತೆ, ಮತ್ತೆ ಒತ್ತಿದ್ರೂ ಅದೇ ಐಡಿ ಹೋಗತ್ತೆ, ಒಂದು ಸಲ ಬಂದಿರೋ ಐಡಿ ಮತ್ತೆ ಬಂದ್ರೆ ಸರ್ವರ್ ಹೊಸ ಸಾಲು ಬರೆಯಲ್ಲ, "ಆಗ್ಲೇ ಇದೆ" ಅಂತ 200 ಕೊಡತ್ತೆ. ಸಿಗ್ನಲ್ ಸರಿಯಿಲ್ಲದ ಕಡೆ ಕೋರ್ಸ್ ಇಲ್ದೇನೂ ಇದೇ ಆಗ್ಬಹುದು ನೋಡಿ, ಸೇವ್ ಆಗಿ ಉತ್ತರ ದಾರೀಲಿ ಕಳೆದ್ರೆ ಪೇಜಿಗೆ ಗೊತ್ತಾಗೋದಾದ್ರೂ ಹೇಗೆ. ಮೆಸೇಜನ್ನೂ "ಸೇವ್ ಆಯ್ತೋ ಇಲ್ವೋ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಒತ್ತಿ, ಎರಡು ಸಲ ಸೇರಲ್ಲ" ಅಂತ ಬದಲಾಯಿಸ್ದೆ. ಚಿಕ್ಕಪ್ಪ ಓದಿ "ಇದು ಮನುಷ್ಯ ಮಾತಾಡಿದಂಗಿದೆ" ಅಂದ್ರು.

ಒಂದು ಇನ್ನೂ ಬಾಕಿ ಇದೆ. ಕ್ಯಾಲೆಂಡರಲ್ಲಿ 12ನೇ ತಾರೀಖು ಆರಿಸಿದ್ರೆ ಸರ್ವರಲ್ಲಿ 11 ಅಂತ ಕೂರತ್ತೆ. ನಮ್ಮ ಮಧ್ಯರಾತ್ರಿ 12 ಗಂಟೆಯನ್ನ ಟು-ಐಎಸ್‌ಒ-ಸ್ಟ್ರಿಂಗ್ ಮಾಡಿದ್ರೆ ಜಾಗತಿಕ ಯುಟಿಸಿ ಸಮಯ ಆಗಿ ಐದೂವರೆ ಗಂಟೆ ಹಿಂದಕ್ಕೆ ಹೋಗಿ ಹಿಂದಿನ ದಿನದ ಸಂಜೆ ಆರೂವರೆ ಆಗತ್ತೆ, ತಾರೀಖೇ ಬದಲು. ತಾರೀಖನ್ನ ಡೇಟ್ ಆಬ್ಜೆಕ್ಟ್ ಮಾಡೋದೇ ಬೇಡ, ವರ್ಷ-ತಿಂಗಳು-ದಿನ ಅಂತ ಬರೀ ಸ್ಟ್ರಿಂಗಾಗೇ ಕಳ್ಸಿದ್ರೆ ಆಯ್ತು. ಭಾನುವಾರ ಬೇಲೂರಲ್ಲಿ ಗೆಳೆಯ ಸಿಗ್ತಾನೆ, ಹಳೇ ಸಾಲುಗಳ ತಾರೀಖೆಲ್ಲ ರೈಟ್ರ ಪುಸ್ತಕ ಇಟ್ಕೊಂಡು ಒಂದೊಂದಾಗಿ ತಾಳೆ ನೋಡ್ಬೇಕು.